ಮೂರು ಮನೆಗೆ ಎರಡು ರಿಲೇ

ಹನ್ನೊಂದು ವರ್ಷದ ಹಿಂದೆ ಒಂದು ಸುಡುಮಧ್ಯಾಹ್ನ, ರಸ್ತೆಬದಿಗೆ ಕಾರು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡು ಕೂತಿದ್ದ ಏಳು ವರ್ಷದ ಮಗಳ ಬಾಯಿ ಒರೆಸುತ್ತ ಅಪ್ಪ ಒಂದು ಮಾತು ಕೊಟ್ಟ.

"ಅಳಬೇಡ ಪುಟ್ಟಿ. ನೀನು ದೊಡ್ಡವಳಾಗಿ ನಿಂಗೆ ಲೈಸೆನ್ಸ್ ಸಿಗುತ್ತಲ್ಲ, ಅವತ್ತು ಇದೇ ಕಾರಲ್ಲಿ, ಎಸಿ ಹಾಕ್ಕೊಂಡು, ಗಾಜೆಲ್ಲ ಏರಿಸ್ಕೊಂಡು, ನಾನೇ ನಿನ್ನ ಮನೆಗೆ ಕರ್ಕೊಂಡು ಬರ್ತೀನಿ. ನೀನು ಹಿಂದೆ ರಾಣಿ ಥರ ಕೂತಿರು."

ಮಗಳು ಮೂಗು ಸೊರ್ರೆಂದು ಎಳೆದುಕೊಂಡಳು. "ಬರ್ದು ಕೊಡು."

ಅಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಜೇಬಿನಲ್ಲಿ ಬೇರೇನೂ ಇಲ್ಲದಿದ್ದರೂ ಕೆಂಪು ಪೆನ್ನು ಇದ್ದೇ ಇರುತ್ತಿತ್ತು. ಹಳೆಯ ಕರಡಿನ ಬೆನ್ನಿಗೆ ಬರೆದು, ಸಹಿ ಹಾಕಿ, ತಾರೀಖು ಹಾಕಿ ಕೊಟ್ಟ. ಮಗಳು ಅದನ್ನು ಮಡಚಿ ಪೆನ್ಸಿಲ್ ಡಬ್ಬಿಗೆ ಸೇರಿಸಿದಳು. ಮಕ್ಕಳು ನಾವು ಕೊಡಿಸಿದ ಆಟಿಕೆಗಳನ್ನೆಲ್ಲ ಕಳೆಯುತ್ತಾರೆ. ಕೊಟ್ಟ ಮಾತೊಂದನ್ನು ಬಿಟ್ಟು.

ಗಲ್ಲಿಯ ಚಿಕ್ಕ ಮಕ್ಕಳಿಗೆ 'ಕರಡು ಮಾವ' ಎನ್ನಲು ನಾಲಗೆ ಹೊರಳದೆ ಅವನು 'ಕರಡಿ ಮಾವ'ನಾಗಿದ್ದ. ದೊಡ್ಡವರೂ ಅದನ್ನೇ ಹಿಡಿದುಕೊಂಡರು. ನೋಡಿದರೆ ಕರಡಿಯ ಲಕ್ಷಣ ಒಂದೂ ಇಲ್ಲ. ಹಗ್ಗದ ಮೇಲೆ ಒಣಹಾಕಿದ ಅಂಗಿಯ ಹಾಗೆ, ಗಾಳಿ ಎತ್ತ ಬೀಸಿದರೆ ಅತ್ತ ಹಾರುವ ಮನುಷ್ಯ. ಕಣ್ಣು ಮಾತ್ರ ಹದ್ದಿನದು. ಔಷಧಿ ಬಾಟಲಿಯ ಮೇಲಿನ ಚೀಟಿಯಿಂದ ಹಿಡಿದು 'ನಾಯಿ ಇದೆ ಎಚ್ಚರಿಕೆ' ಎಂಬ ಫಲಕದವರೆಗೆ ಯಾವ ತಪ್ಪೂ ಅದರಿಂದ ತಪ್ಪಿಸಿಕೊಂಡದ್ದಿಲ್ಲ. ಆ ಫಲಕಕ್ಕೆ ಅಲ್ಪವಿರಾಮ ಹಾಕಿಸುವತನಕ ಅವನು ಆ ಮನೆಯವರನ್ನು ಬಿಟ್ಟಿರಲಿಲ್ಲ, ನಾಯಿ ಅವನನ್ನು ಬಿಟ್ಟಿರಲಿಲ್ಲ.

ಕರಡು ತಿದ್ದುವುದಕ್ಕೆ ಇಬ್ಬರು ಬೇಕು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಬಂದಲ್ಲಿ 'ಅಲ್ಪವಿರಾಮ' ಎಂದು ಬಾಯಿಬಿಟ್ಟು ಹೇಳುತ್ತ. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಹಿಂಬಾಲಿಸಬೇಕು. ಮನೆಗೆ ತಂದ ಕೆಲಸಕ್ಕೆ ಓದುವವಳು ಮಗಳು. ಹೋದ ರಜೆಯಲ್ಲಿ ಅಪ್ಪ ಮಗಳು ಸೇರಿ ಕಾರಿನ ಎಸಿ, ಹೀಟರು ಮತ್ತು ಅವುಗಳ ವಿದ್ಯುತ್ ವ್ಯವಸ್ಥೆಯ ಬಗ್ಗೆ ಮುನ್ನೂರು ಪುಟದ ಕೈಪಿಡಿಯೊಂದನ್ನು ಮುಗಿಸಿದ್ದರು. ಅಪ್ಪನಿಗೆ ಪುಸ್ತಕ ಪೂರ್ತಿ ಬಾಯಿಪಾಠವಾಗಿತ್ತು. ಮಗಳಿಗೆ ಅರ್ಥವೂ ಆಗಿತ್ತು. ಈ ವ್ಯತ್ಯಾಸ ಇಬ್ಬರಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ.

ಈಗ ಮಗಳಿಗೆ ಹದಿನೆಂಟು ತುಂಬಿತ್ತು. ಇವತ್ತು ಹನ್ನೊಂದು ಗಂಟೆಗೆ ಡ್ರೈವಿಂಗ್ ಟೆಸ್ಟು. ವರ್ಷಗಟ್ಟಲೆ ಸತ್ತುಬಿದ್ದಿದ್ದ ಎಸಿಗೆ ಕರಡಿ ಮಾವ ಮೊನ್ನೆಯಷ್ಟೇ ಗ್ಯಾರೇಜಿನಲ್ಲಿ ಗ್ಯಾಸು ತುಂಬಿಸಿದ್ದ. ನಿನ್ನೆ ಸಂಜೆ ಹಲ್ಲು ಕಟಕಟಿಸುವಷ್ಟು ತಂಪು ಬಂದಿತ್ತು.

ಬೆಳಗ್ಗೆ ಗುಂಡಿ ಒತ್ತಿದ. ದೀಪ ಹತ್ತಿತು. ಗಾಳಿ ಬಂತು, ಜ್ವರ ಬಂದವರ ಉಸಿರಿನ ಹಾಗೆ. ಗ್ಯಾರೇಜಿಗೆ ಇವತ್ತು ವಾರದ ರಜೆ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಬೆಳಗಿನ ಪಾಳಿಗೆ ಹೊರಟು ನಿಂತಿದ್ದವಳು ಗಂಡನ ಮುಖ ನೋಡಿಯೇ ರೋಗ ಪತ್ತೆಹಚ್ಚಿದಳು.

"ರೀ, ಎಸಿ ಬರದಿದ್ರೆ ಬೇಡ. ಇವತ್ತೊಂದಿನ ಬಾನೆಟ್ ಯಾರ ಕೈಗೂ ಕೊಡಬೇಡಿ. ನಮ್ಮ ಗಲ್ಲಿಯವರಿಗೆ ರೋಗಿ ಕಂಡ್ರೆ ಸಾಕು, ಎಲ್ಲರೂ ಡಾಕ್ಟ್ರೇ."

"ಛೆ, ನಾನ್ಯಾಕೆ ಕೊಡ್ಲಿ?" ಎಂದ ಕರಡಿ ಮಾವ.

ಅವಳು ತಿರುವು ದಾಟುವಷ್ಟರಲ್ಲಿ ಬಾನೆಟ್ ತೆರೆದಿತ್ತು, ಪಕ್ಕದ ಮನೆಯ ಫ್ರಿಜ್ಜಣ್ಣನ ತಲೆ ಅದರೊಳಗಿತ್ತು. ಫ್ರಿಜ್ಜಣ್ಣ ಇಪ್ಪತ್ತು ವರ್ಷದಿಂದ ಫ್ರಿಜ್ ರಿಪೇರಿ ಮಾಡುವವನು. ಲೋಕದಲ್ಲಿ ತಣ್ಣಗಿರುವ ಎಲ್ಲ ವಸ್ತುವೂ ತನ್ನ ಸುಪರ್ದಿಗೆ ಸೇರಿದ್ದೆಂದು ನಂಬಿದವನು.

"ಮಾವಾ, ಗುಂಡಿ ಒತ್ತಿ. ಕಂಪ್ರೆಸರ್ ಟಕ್ ಅನ್ನಬೇಕು. ಹೂಂ, ಅಂತಿಲ್ಲ. ಯಾಕಂತಿಲ್ಲ?"

ಕರಡಿ ಮಾವ ಕಣ್ಣು ಮುಚ್ಚಿ ಒಪ್ಪಿಸಿದ: "ಎಸಿ ಗುಂಡಿ ಒತ್ತಿದಾಗ ವಿದ್ಯುತ್ತು ನೇರವಾಗಿ ಕಂಪ್ರೆಸರಿಗೆ ಹೋಗುವುದಿಲ್ಲ. ಗುಂಡಿಯದು ಕೇವಲ ಕೋರಿಕೆ. ಅದು ರಿಲೇ ಎಂಬ ಪುಟ್ಟ ಪೆಟ್ಟಿಗೆಯನ್ನು ತಲುಪಿದಾಗ, ರಿಲೇ ತನ್ನೊಳಗಿನ ಬಾಗಿಲನ್ನು ತೆರೆದು ದೊಡ್ಡ ವಿದ್ಯುತ್ತನ್ನು ಕಂಪ್ರೆಸರಿಗೆ ಹರಿಯಗೊಡುತ್ತದೆ. ಪುಟ ನಲವತ್ತೊಂದು."

"ಭೇಷ್! ಹಂಗಂದ್ರೆ ಏನು?"

"ಅರ್ಥ ನನ್ನ ಇಲಾಖೆ ಅಲ್ಲ. ಕಾಗುಣಿತ ಸರಿಯಿದೆ."

ಫ್ರಿಜ್ಜಣ್ಣ ಬ್ಯಾಟರಿಯ ಪಕ್ಕದ ಕಪ್ಪು ಡಬ್ಬಿಯ ಮುಚ್ಚಳ ಕಿತ್ತ. ಒಳಗೆ ಬೆಲ್ಲದ ಚಿಕ್ಕ ಅಚ್ಚಿನಷ್ಟಿದ್ದ ಮೂರು ಕರಿ ಚೌಕ, ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು.

"ನಾನು ಹೇಳ್ತೀನಿ ಕೇಳಿ. ಸಾಹೇಬ್ರು ತಾವೇ ಎದ್ದು ಬಾಗಿಲು ತೆಗೀತಾರಾ? ಜವಾನನಿಗೆ ಕಣ್ಸನ್ನೆ ಮಾಡ್ತಾರೆ, ಜವಾನ ತೆಗೀತಾನೆ. ಆ ಜವಾನನೇ ರಿಲೇ. ನಿಮ್ಮ ಎಸಿ ಜವಾನ ನಿದ್ದೆ ಹೊಡೀತಿದಾನೆ. ಇಗೋ, ಪಕ್ಕದಲ್ಲೇ ಇನ್ನೊಬ್ಬ ಕೆಲಸ ಇಲ್ದೆ ಕೂತಿದಾನೆ. ಇವನ ಜಾಗಕ್ಕೆ ಅವನು, ಅವನ ಜಾಗಕ್ಕೆ ಇವನು."

ಟಕ್!

ಗಾಳಿಕಿಂಡಿಯಿಂದ ಬಂದ ತಂಪಿಗೆ ಕರಡಿ ಮಾವನ ಕಣ್ಣಲ್ಲಿ ನೀರು ಬಂತು. ಸುದ್ದಿ ಗಲ್ಲಿಗೆ ಹಬ್ಬಿತು. 'ಸ್ವಲ್ಪ ನೋಡೋಣ' ಎಂದು ಒಳಗೆ ಕೂತ ಮಹಡಿ ಮನೆ ಅಜ್ಜಿ ಕಾಲು ಗಂಟೆಯಾದರೂ ಏಳಲಿಲ್ಲ. "ಇರಪ್ಪ, ಇನ್ನೊಂಚೂರು. ಮಂಡಿನೋವು ಇಳೀತಾ ಇದೆ," ಎಂದರು. ಕಡೆಗೆ ಮಂಡಿನೋವು ಏರಿದ ಮೇಲೆಯೇ ಇಳಿದದ್ದು.

ಕಾರನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸೋಣವೆಂದು ನೋಡಿದರೆ ಚಕ್ರದ ಮುಂದೆ ಬೆಕ್ಕು ಮಲಗಿತ್ತು. ಕರಡಿ ಮಾವ ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಬೆಕ್ಕು ಮಗ್ಗುಲು ಬದಲಿಸಿತು.

"ಅಯ್ಯೋ, ಅದು ಹಾರ್ನಿನ ಜವಾನನಾ?" ಎಂದು ಫ್ರಿಜ್ಜಣ್ಣ ತಲೆ ಕೆರೆದುಕೊಂಡ. "ಇರ್ಲಿ ಬಿಡಿ, ಹಾರ್ನ್ ಬೇಕೇಬೇಕು ಅಂತೇನಿಲ್ಲ. ಬಾಯಿ ಇದೆಯಲ್ಲ."

"ಹಾರ್ನ್ ಇಲ್ದೆ ಟೆಸ್ಟಿಗೆ ಹೋಗ್ತಾರೇನ್ರೀ?" ಎಂದು ಎದುರು ಮನೆಯ ಜಗುಲಿಯಿಂದ ಗುಡುಗಿದವರು ನಿವೃತ್ತ ವಿಜ್ಞಾನದ ಮೇಷ್ಟ್ರು. "ಕೂತ ತಕ್ಷಣ ಹಾರ್ನ್ ಒತ್ತಿ ಅಂತಾರೆ. ಅಲ್ಲೇ ಫೇಲು. ಸರೀರಿ ಆ ಕಡೆ."

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಮುಚ್ಚಳದ ಒಳಮೈಯ ಚಿತ್ರಗಳನ್ನು ಪರೀಕ್ಷಿಸಿದರು. ಮೂರನೆಯ ರಿಲೇ ಕೂರುವ ಮನೆಗೆ ಫ್ಯಾನಿನ ಚಿತ್ರವಿತ್ತು.

"ಇದು ಫ್ಯಾನಿನ ರಿಲೇ. ಅಂದ್ರೆ ಒಳಗಡೆ ಬರೋ ಗಾಳಿ. ಈಗ ಪ್ರಯೋಗ. ಇದನ್ನ ಕೀಳ್ತೀನಿ. ಗಾಳಿ ನಿಂತಿತಾ?"

"ಇಲ್ಲ ಮೇಷ್ಟ್ರೇ, ಬರ್ತಾನೇ ಇದೆ."

"ಅಂದ್ಮೇಲೆ ಸಿದ್ಧವಾಯ್ತಲ್ಲ! ಇದು ದಂಡಪಿಂಡ. ಕಂಪನಿಯವರು ಸುಮ್ಮನೆ ಇಟ್ಟಿರೋದು." ಅವರು ಫ್ಯಾನಿನ ರಿಲೇ ತೆಗೆದು ಹಾರ್ನಿಗೆ ಹಾಕಿ, ಸತ್ತದ್ದನ್ನು ಫ್ಯಾನಿನ ಮನೆಗೆ ಕೂರಿಸಿದರು. ಹಾರ್ನ್ ಕಿರುಚಿತು. ಬೆಕ್ಕು ಗೋಡೆ ಹಾರಿತು. ಎಸಿ ತಣ್ಣಗೆ ಬರುತ್ತಲೇ ಇತ್ತು.

ಕರಡಿ ಮಾವನಿಗೆ ಒಳಗೊಳಗೇ ಏನೋ ಕುಟುಕಿತು. ರೇಡಿಯೇಟರ್-ಫ್ಯಾನ್ ಎಂಬ ಪದ ನೆನಪಾಯಿತು. ನಡುವೆ ಅಡ್ಡಗೆರೆ ಬೇಕೋ ಬೇಡವೋ ಎಂದು ಲೇಖಕರ ಜೊತೆ ಫೋನಿನಲ್ಲಿ ಅರ್ಧ ಗಂಟೆ ಜಗಳವಾಡಿದ್ದ. ಅಡ್ಡಗೆರೆ ಉಳಿದಿತ್ತು. ಆ ಫ್ಯಾನು ಏನು ಮಾಡುತ್ತದೆಂಬುದು ತಲೆಗಿಳಿದಿರಲಿಲ್ಲ.

ಅಷ್ಟರಲ್ಲಿ ಮಗಳು ಹೊರಗೆ ಬಂದಳು. ಇಸ್ತ್ರಿ ಮಾಡಿದ ಅಂಗಿ, ಬಿಗಿಯಾಗಿ ಕಟ್ಟಿದ ಕೂದಲು, ಕೈಯಲ್ಲಿ ಹಳೆಯ ಪೆನ್ಸಿಲ್ ಡಬ್ಬಿ.

"ಅಪ್ಪ, ಯಾಕೆ ಬಾನೆಟ್ ಹತ್ರ ಇಷ್ಟು ಜನ?"

"ಏನೂ ಕೇಳಬೇಡ. ಹತ್ತು."

ಹಿಂದಿನ ಸೀಟಿನಲ್ಲಿ ಕೂತ ಮಗಳು ತಂಪು ಗಾಳಿಗೆ ಮುಖವೊಡ್ಡಿದಳು. ಕನ್ನಡಿಯಲ್ಲಿ ಅವಳನ್ನು ನೋಡುತ್ತ ಓಡಿಸಿದ ಕರಡಿ ಮಾವನಿಗೆ ಈ ರಸ್ತೆ ಮುಗಿಯುವುದೇ ಬೇಡ ಎನ್ನಿಸಿತು. ಹನ್ನೊಂದು ವರ್ಷ ಹೇಗೆ ಹೋಯಿತೋ. ಅವಳ ಕಾಲು ಆಗ ಕಾರಿನ ನೆಲವನ್ನೂ ಮುಟ್ಟುತ್ತಿರಲಿಲ್ಲ. ಈಗ ಮೊಣಕಾಲು ಅವನ ಬೆನ್ನಿಗೆ ಒತ್ತುತ್ತಿತ್ತು.

"ಇದು ಟ್ರಯಲ್ ಅಷ್ಟೇ ಪುಟ್ಟಿ. ವಾಪಸ್ ಬರೋದು ಲೆಕ್ಕ."

"ಗೊತ್ತು," ಎಂದಳು ಮಗಳು, ಡಬ್ಬಿಯನ್ನು ತಟ್ಟುತ್ತ. "ಲೈಸೆನ್ಸ್ ಸಿಕ್ಕಿದ ಮೇಲೆ ಅಂತ ಬರೆದಿದೆ."

ಟೆಸ್ಟಿನ ಮೈದಾನದಲ್ಲಿ ಒಂಬತ್ತು ಕಾರುಗಳ ಸಾಲು. ಬಿಸಿಲು ಕಬ್ಬಿಣ ಕಾಯಿಸುವಂತಿತ್ತು. ಅಲ್ಲಿಯ ಇನ್ಸ್‌ಪೆಕ್ಟರ್ ಮೇಡಂ ಬಗ್ಗೆ ಸಾಲಿನವರೆಲ್ಲ ಪಿಸುಗುಟ್ಟುತ್ತಿದ್ದರು: ಸೆಕೆ ಹೆಚ್ಚಾದಷ್ಟೂ ಫೇಲು ಹೆಚ್ಚು. ಅದಕ್ಕೇ ಕರಡಿ ಮಾವ ಇಂಜಿನ್ ಆರಿಸಲಿಲ್ಲ, ಎಸಿಯನ್ನೂ ಆರಿಸಲಿಲ್ಲ. ಮೇಡಂ ಬಂದು ಕೂರುವಾಗ ಕಾರು ಕೊಳದ ಹಾಗಿರಬೇಕು.

ಕಾರು ಓಡುತ್ತಿದ್ದಾಗ ಎದುರುಗಾಳಿಯೇ ಇಂಜಿನ್ನಿಗೆ ಬೀಸಣಿಗೆ. ನಿಂತ ಕಾರಿಗೆ ಆ ಫ್ಯಾನೇ ಗತಿ. ಅದು ತಿಳಿದಿದ್ದವಳು ಆಗ ಸಾಲಿನಲ್ಲಿ ನಿಂತು ಅರ್ಜಿ ತುಂಬುತ್ತಿದ್ದಳು.

ಸರದಿ ಬಂತು. ಮಗಳು ಸ್ಟೀರಿಂಗಿಗೆ, ಮೇಡಂ ಪಕ್ಕಕ್ಕೆ, ಕರಡಿ ಮಾವ ಹಿಂದಕ್ಕೆ.

"ಹಿಂದೆ ಕೂತವರು ಸಾಮಾನಿದ್ದ ಹಾಗೆ," ಎಂದರು ಮೇಡಂ, ತಿರುಗದೆಯೇ. "ಸಾಮಾನು ಮಾತಾಡಲ್ಲ."

ಸಾಮಾನು ತಲೆಯಾಡಿಸಿತು.

"ಹಾರ್ನ್."

ಹಾರ್ನ್ ಮೊಳಗಿತು. ಕರಡಿ ಮಾವ ಮನಸ್ಸಿನಲ್ಲೇ ಮೇಷ್ಟ್ರ ಕಾಲಿಗೆ ಬಿದ್ದ.

"ಎಸಿ ಚೆನ್ನಾಗಿದೆಯಲ್ಲ," ಎಂದು ಮೇಡಂ ಕಾಲರು ಸಡಿಲಿಸಿಕೊಂಡರು. ಬೆಳಗಿನಿಂದ ಆರು ಜನರನ್ನು ಫೇಲು ಮಾಡಿದ್ದ ಮುಖದಲ್ಲಿ ಮೊದಲ ಬಾರಿಗೆ ಒಂದು ಗೆರೆ ಬಿಚ್ಚಿಕೊಂಡಿತು. "ಎಂಟರ ಆಕಾರ ಹಾಕಿ. ನಿಧಾನ. ಆಮೇಲೆ ರಿವರ್ಸ್."

ಎಂಟಿನ ಮೊದಲ ಸೊನ್ನೆ ಮುಗಿಯುವಷ್ಟರಲ್ಲಿ ತಂಪು ನಿಂತಿತು. ಎರಡನೆಯ ಸೊನ್ನೆಯಲ್ಲಿ ಗಾಳಿ ಬೆಚ್ಚಗಾಯಿತು. ಮೇಡಂ ಮುಖದ ಗೆರೆ ಮತ್ತೆ ಗಂಟಾಯಿತು. ಮಗಳ ಕಣ್ಣು ಒಮ್ಮೆ ಕೆಳಗಿಳಿದು ಮೇಲೆ ಬಂತು. ತಾಪದ ಸೂಜಿ ಕೆಂಪು ಗೆರೆಗೆ ಮುತ್ತಿಡಲು ಹೊರಟಿತ್ತು.

"ಮೇಡಂ, ನಿಮ್ಮ ಕಡೆ ಗಾಜು ಇಳಿಸ್ಕೊಳ್ಳಿ. ತಪ್ಪು ತಿಳ್ಕೋಬೇಡಿ," ಎಂದವಳೇ ಮಗಳು ಎಸಿ ಆರಿಸಿ, ತಾಪದ ಗುಂಡಿಯನ್ನು ನೀಲಿಯಿಂದ ಕೆಂಪಿನ ಕಟ್ಟಕಡೆಗೆ ತಿರುಗಿಸಿ, ಗಾಳಿಯ ಗುಂಡಿಯನ್ನು ನಾಲ್ಕಕ್ಕೆ ಏರಿಸಿಬಿಟ್ಟಳು.

ಕಾದ ಬಾಣಲೆಯ ಮುಚ್ಚಳ ತೆಗೆದಂತೆ ಬಿಸಿಗಾಳಿ ಮೂವರ ಮುಖಕ್ಕೂ ರಾಚಿತು.

"ಪುಟ್ಟೀ! ಅದು ಕೆಂಪು ಕಡೆ!"

"ಸಾಮಾನು ಮಾತಾಡಬಾರದು," ಎಂದರು ಮೇಡಂ. ಅವರ ಹಣೆಯ ಬೆವರು ಆಗಲೇ ಅಂಕದ ಹಾಳೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ಏನಮ್ಮಾ ಇದು? ನನ್ನನ್ನ ಬೇಯಿಸ್ತೀಯಾ?"

ಮಗಳಿಗೆ ಗಾಬರಿಯಾದರೆ ನಾಲಗೆ ಕರಡು ಓದುವ ಧಾಟಿಗೆ ಹೊರಳುತ್ತಿತ್ತು. "ಹೀಟರಿಗೆ ಬೇರೆ ಬೆಂಕಿ ಎಂಬುದಿಲ್ಲ ಪೂರ್ಣವಿರಾಮ. ಇಂಜಿನ್ನಿನಲ್ಲಿ ಕಾದ ನೀರೇ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬರುತ್ತದೆ ಅಲ್ಪವಿರಾಮ ಗುಂಡಿಯನ್ನು ಕೆಂಪಿಗೆ ತಿರುಗಿಸಿದಾಗ ಒಂದು ಸಣ್ಣ ಮೋಟಾರು ಒಳಗಿನ ಬಾಗಿಲನ್ನು ಸರಿಸಿ ಗಾಳಿಯನ್ನು ಅದರ ಮೂಲಕ ಹಾಯಿಸುತ್ತದೆ ಪೂರ್ಣವಿರಾಮ. ಇಂಜಿನ್ ಬಿಸಿಯನ್ನ ಒಳಗೆ ಎಳ್ಕೋತಾ ಇದೀನಿ ಮೇಡಂ. ಇಲ್ದಿದ್ರೆ ಕುದ್ದುಬಿಡುತ್ತೆ."

ಮೇಡಂ ಗಾಜು ಪೂರ್ತಿ ಇಳಿಸಿದರು. ಮಗಳು ಎಂಟು ಮುಗಿಸಿದಳು. ರಿವರ್ಸ್ ತೆಗೆದಳು. ಹಿಂದಿನ ಸೀಟಿನಲ್ಲಿ ಕರಡಿ ಮಾವನ ಹೊಟ್ಟೆ ತೊಳಸತೊಡಗಿತು. ಅದೇ ಸೀಟು, ಅದೇ ಸೆಕೆ. ಏಳು ವರ್ಷದ ಮಗುವಿಗೆ ಇಲ್ಲಿ ಹೇಗಾಗಿತ್ತೆಂದು ಅವನಿಗೆ ಮೊದಲ ಸಲ ಗೊತ್ತಾದದ್ದು ಆಗ. ಮಾತು ಕೊಡುವಾಗಲೂ ಅವನು ಮುಂದಿನ ಸೀಟಿನ ಮನುಷ್ಯನೇ ಆಗಿದ್ದ.

ಸೂಜಿ ಒಂದು ಕೂದಲೆಳೆ ಕೆಳಗಿಳಿಯಿತು. ಆಮೇಲೆ ಇನ್ನೊಂದು.

ಕಾರು ನಿಂತಾಗ ಮೂವರೂ ಬಟ್ಟೆಯ ಸಮೇತ ಸ್ನಾನ ಮಾಡಿದವರಂತಿದ್ದರು. ಮೇಡಂ ಇಳಿದು ಬಾನೆಟ್ ತೆಗೆಸಿದರು. ಮಗಳು ಇಂಜಿನ್ ಆರಿಸಿ, ಬ್ಯಾಟರಿಯ ಪಕ್ಕದ ಡಬ್ಬಿಯ ಮುಚ್ಚಳ ತೆಗೆದು, ರಿಲೇಗಳನ್ನು ಒಂದೊಂದಾಗಿ ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

"ಅಪ್ಪ, ಫ್ಯಾನಿನ ಜಾಗಕ್ಕೆ ಸತ್ತ ರಿಲೇ ಹಾಕಿದ್ಯಾರು?"

"ಗಲ್ಲಿಯವರೆಲ್ಲ ಸೇರಿ," ಎಂದ ಕರಡಿ ಮಾವ, ಸಣ್ಣ ದನಿಯಲ್ಲಿ.

ಮೇಡಂ ಕರವಸ್ತ್ರ ಹಿಂಡಿಕೊಂಡರು. "ನಮ್ಮಪ್ಪ ಲಾರಿ ಓಡಿಸ್ತಿದ್ರು. ಗುಡ್ಡ ಹತ್ತುವಾಗ ಸೂಜಿ ಏರಿದ್ರೆ ಹೀಟರ್ ಹಾಕ್ತಿದ್ರು. ನಾನು ಪಕ್ಕದಲ್ಲಿ ಕೂತು ಅಳ್ತಿದ್ದೆ, ಸೆಕೆ ಅಂತ. ಇಲ್ಲಿಗೆ ಬರೋರು ಎಲ್ಲ ನೋಡ್ತಾರೆ. ಕನ್ನಡಿ ನೋಡ್ತಾರೆ, ನನ್ನ ಮುಖ ನೋಡ್ತಾರೆ. ಸೂಜಿ ನೋಡಿದವಳು ನೀನೇ ಮೊದಲು." ಒದ್ದೆ ಹಾಳೆಯ ಮೇಲೆ ಸಹಿ ಎಳೆದರು. "ಪಾಸ್. ಆ ಕಿಟಕೀಲಿ ಚೀಟಿ ತಗೋ. ಇವತ್ತಿಂದಲೇ ಓಡಿಸಬಹುದು."

ಮಗಳು ಹಾರಿಕೊಂಡು ಹೋದಳು. ಕರಡಿ ಮಾವ ಎದೆಯುಬ್ಬಿಸಿ ನಿಂತ. ಸುಮ್ಮನಿದ್ದರೆ ಆಗುತ್ತಿತ್ತು.

"ಓದೋದು ಅವಳು ಮೇಡಂ, ತಿದ್ದೋದು ನಾನು. ಅವಳು ಈಗ ಒಪ್ಪಿಸಿದಳಲ್ಲ, ಆ ಪುಸ್ತಕದಲ್ಲಿ ಒಂದೇ ಒಂದು ತಪ್ಪು ತೋರಿಸಿ ನೋಡೋಣ. ಮೂವತ್ತು ವರ್ಷದ ಸರ್ವೀಸು, ನನ್ನ ಕಣ್ಣು ತಪ್ಪಿಸಿ ಒಂದು ಸೊನ್ನೆ ಕೂಡ ಹೋಗಿಲ್ಲ."

"ಹೌದಾ? ಗಾಡಿ ಇಲ್ಲಿಗೆ ತಂದೋರು ನೀವೇ ತಾನೆ?"

"ನಾನೇ. ಇಪ್ಪತ್ತು ವರ್ಷದಿಂದ ಒಂದು ಗೀರೂ ಇಲ್ಲ."

"ಎಲ್ಲಿ, ಲೈಸೆನ್ಸ್ ಕೊಡಿ."

ಕರಡಿ ಮಾವ ಠೀವಿಯಿಂದ ತೆಗೆದುಕೊಟ್ಟ. ಮೇಡಂ ಓದಿದರು. ಮತ್ತೆ ಓದಿದರು. ಆಮೇಲೆ ಕಾರ್ಡನ್ನು ಅವನ ಕಡೆ ತಿರುಗಿಸಿ ಒಂದು ಸಾಲಿನ ಕೆಳಗೆ ಉಗುರು ಎಳೆದರು, ಅವನು ಕೆಂಪು ಪೆನ್ನು ಎಳೆಯುವ ಹಾಗೆಯೇ.

"ಇದನ್ನ ಯಾರು ತಿದ್ದಿದ್ದು?"

ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು.

"ಅದು... ಅಚ್ಚಿನ ತಪ್ಪಿರಬೇಕು ಮೇಡಂ."

"ನಿಮ್ಮ ಮಗಳ ಮುಖ ನೋಡಿ ಇಷ್ಟಕ್ಕೇ ಬಿಡ್ತಿದೀನಿ. ಕಾರ್ಡು ನನ್ನ ಹತ್ರ ಇರಲಿ. ವರ್ಷ ದಾಟಿರೋದ್ರಿಂದ ಹೊಸದಾಗಿ ಟೆಸ್ಟ್ ಕೊಡಬೇಕು. ಅಲ್ಲೀವರೆಗೆ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ಕಲಿಯೋದಾದ್ರೆ ಲೈಸೆನ್ಸ್ ಇರೋರು ಯಾರಾದ್ರೂ ಪಕ್ಕದಲ್ಲಿ ಕೂತಿರಬೇಕು." ಚೀಟಿ ಬೀಸುತ್ತ ಓಡಿಬರುತ್ತಿದ್ದ ಮಗಳ ಕಡೆ ಗಲ್ಲ ತೋರಿಸಿದರು. "ಅಗೋ, ಅವಳು ಇದಾಳಲ್ಲ."

ವಿಷಯ ಕೇಳಿ ಮಗಳು ಅಪ್ಪನನ್ನೊಮ್ಮೆ ನೋಡಿದಳು, ಸೂಜಿಯನ್ನು ನೋಡಿದ ಹಾಗೆ. ಆಮೇಲೆ ರಿಲೇಗಳನ್ನು ಅಂಗೈಯಲ್ಲಿ ಹರಡಿಕೊಂಡಳು.

"ಜೀವ ಇರೋದು ಎರಡು, ಮನೆ ಮೂರು. ಫ್ಯಾನಿಗೆ ಒಂದು ಬೇಕೇಬೇಕು. ಇನ್ನೊಂದನ್ನ ಎಸಿಗೆ ಹಾಕಿದ್ರೆ ಹಾರ್ನ್ ಇರಲ್ಲ."

ಕರಡಿ ಮಾವ ಆಸೆಯಿಂದ ಮೇಡಂ ಕಡೆ ನೋಡಿದ. ಮೇಡಂ ಅಲ್ಲೇ ನಿಂತಿದ್ದರು, ಕೈಕಟ್ಟಿಕೊಂಡು.

"ಹಾರ್ನಿಗೇ ಹಾಕು," ಎಂದ.

ಗಲ್ಲಿಯ ತುದಿಯಲ್ಲಿ ಫ್ರಿಜ್ಜಣ್ಣ, ಮೇಷ್ಟ್ರು, ಮಹಡಿ ಮನೆ ಅಜ್ಜಿ ಮೂವರೂ ಕಾದಿದ್ದರು. ಗಾಜೆಲ್ಲ ಇಳಿಸಿಕೊಂಡು ಬಂದ ಕಾರಿನ ಹಿಂದಿನ ಸೀಟಿನಲ್ಲಿ ಕರಡಿ ಮಾವ ಒಬ್ಬನೇ, ಹಿಂಡಿದ ಅಂಗಿಯ ಹಾಗೆ ಒರಗಿದ್ದ.

"ಏನಾಯ್ತು ಮಾವಾ?"

"ಪಾಸು."

"ಮತ್ತೆ ನೀವ್ಯಾಕೆ ಹಿಂದೆ ಕೂತಿದೀರಿ, ರಾಜನ ಥರ? ಎಸಿ ಯಾಕೆ ಹಾಕಿಲ್ಲ?"

"ನಾನು ಹೇಳಿರಲಿಲ್ವಾ," ಎಂದರು ಮೇಷ್ಟ್ರು ಎಲ್ಲರಿಗೂ ಕೇಳುವಂತೆ, "ಹಾರ್ನೇ ಮುಖ್ಯ ಅಂತ!" ಅಷ್ಟು ಹೇಳಿ ಬಾನೆಟ್ ಕಡೆ ಕೈ ಚಾಚಿದರು. ಮಗಳು ಹಾರ್ನ್ ಒತ್ತಿದಳು. ಮೇಷ್ಟ್ರು ಒಂದು ಮೊಳ ಹಿಂದಕ್ಕೆ ಹಾರಿದರು.

ಇಂಜಿನ್ ಆರಿಸಿದ ಮೇಲೆ ಅವಳು ಪೆನ್ಸಿಲ್ ಡಬ್ಬಿಯಿಂದ ಆ ಹಳೆಯ ಹಾಳೆ ತೆಗೆದು ಹಿಂದಕ್ಕೆ ಚಾಚಿದಳು. ಕರಡಿ ಮಾವ ಜೇಬಿನಿಂದ ಕೆಂಪು ಪೆನ್ನು ತೆಗೆದು, ಅಭ್ಯಾಸಬಲದಿಂದ ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಅಕ್ಷರ ನೋಡುತ್ತ ಓದಿದ. ಎಲ್ಲೂ ತಪ್ಪಿರಲಿಲ್ಲ. ತಾರೀಖೂ ಸರಿಯಾಗಿತ್ತು.

ಕೊಟ್ಟ ಮಾತು ಉಳಿಯಲಿಲ್ಲ.